ನೆಲದಡಿಯ ಬಿಲ್ಲಿ ಗೋಟ್: ಶಿಕಾಗೊದ ಹಳೇ ಬಾರಿಗೆ ಬರ್ಗರ್ ತಿನ್ನಲು ಹೋಗುವವರಿಗೆ

ಮಿಶಿಗನ್ ಅವೆನ್ಯೂ ಮೇಲೆ ನಿಂತು ಎಷ್ಟು ಹುಡುಕಿದರೂ ಬಿಲ್ಲಿ ಗೋಟ್ ಟ್ಯಾವರ್ನ್ ಕಣ್ಣಿಗೆ ಬೀಳುವುದಿಲ್ಲ. ಅದು ನಿಮ್ಮ ಕಾಲಡಿಯಲ್ಲಿದೆ. ಶಿಕಾಗೊ ನಗರದ ನಡುಭಾಗದಲ್ಲಿ ಕೆಲವು ರಸ್ತೆಗಳಿಗೂ ಮಹಡಿ ಇದೆ. ಮೇಲಿನ ರಸ್ತೆಯಲ್ಲಿ ಗಾಜಿನ ಅಂಗಡಿಗಳು, ಹೂವಿನ ಕುಂಡಗಳು, ಪ್ರವಾಸಿಗರ ಗುಂಪು. ಅದರ ಅಡಿಯಲ್ಲೇ ಇನ್ನೊಂದು ರಸ್ತೆ: ಸಾಮಾನು ಇಳಿಸುವ ಲಾರಿಗಳು, ಕಸದ ತೊಟ್ಟಿಗಳು, ಹಗಲಲ್ಲೂ ಉರಿಯುವ ದೀಪಗಳು. ಆ ಕೆಳಗಿನ ರಸ್ತೆಯಲ್ಲಿ ಈ ಬಾರು 1964ರಿಂದ ನಡೆಯುತ್ತಿದೆ.

ಊರಿನಿಂದ ಶಿಕಾಗೊಗೆ ಬಂದ ನೆಂಟರನ್ನು, ಗೆಳೆಯರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ತಾವಾಗಿ ಹೋಗಿ ಬಂದವರು ಹೇಳುವುದನ್ನೂ ಕೇಳಿದ್ದೇನೆ. ಬಹಳ ಜನ ಒಳಗೆ ಹೋಗುತ್ತಲೇ ಗಲಿಬಿಲಿಗೊಂಡು, ಏನೋ ಒಂದು ಆರ್ಡರ್ ಮಾಡಿ, ಹತ್ತು ನಿಮಿಷದಲ್ಲಿ ತಿಂದೆದ್ದು, "ಅಂಥಾ ವಿಶೇಷ ಏನಿಲ್ಲಪ್ಪ" ಅಂದುಕೊಂಡು ಬಂದಿರುತ್ತಾರೆ. ಅವರ ಮಾತು ಸುಳ್ಳಲ್ಲ. ಶಿಕಾಗೊದಲ್ಲಿ ಇದಕ್ಕಿಂತ ರುಚಿಯಾದ ಬರ್ಗರ್ ಬೇಕಾದಷ್ಟು ಕಡೆ ಸಿಗುತ್ತದೆ. ಇಲ್ಲಿ ಬರ್ಗರ್ ಎನ್ನುವುದು ಆ ಕೋಣೆಯಲ್ಲಿ ಒಂದು ತಾಸು ಕೂರುವುದಕ್ಕೆ ಸಿಗುವ ಚೀಟಿ ಇದ್ದಹಾಗೆ. ನೋಡಬೇಕಾದದ್ದು, ಓದಬೇಕಾದದ್ದು ಗೋಡೆಗಳ ಮೇಲಿದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ನಿರಾಸೆಯಾಗುವುದಿಲ್ಲ.

ಹೊರಡುವ ಮುಂಚೆ

ಅಮೆರಿಕದವರು ಇಂಥ ಜಾಗವನ್ನು 'ಡೈವ್ ಬಾರ್' ಅನ್ನುತ್ತಾರೆ. ನೆಲಮಾಳಿಗೆಗಳಲ್ಲಿದ್ದ ಅಗ್ಗದ ಹೆಂಡದ ಕೋಣೆಗಳಿಗೆ ರಸ್ತೆಯಿಂದ ಮುಳುಗು ಹಾಕಿದಂತೆ ಸರಕ್ಕನೆ ಇಳಿಯಬೇಕಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಆ ಇಳಿಯುವಿಕೆಯೇ ಹೆಸರಾಯಿತು. ಈಗ ನೆಲದ ಮೇಲಿರುವ, ಹಳತಾದ, ಅಲಂಕಾರವಿಲ್ಲದ, ಖಾಯಂ ಗಿರಾಕಿಗಳ ಬಾರುಗಳಿಗೂ ಅದೇ ಹೆಸರು. ಬಿಲ್ಲಿ ಗೋಟ್ ಮಾತ್ರ ಆ ಪದದ ಮೂಲ ಅರ್ಥಕ್ಕೂ ಸಲ್ಲುತ್ತದೆ. ಅಲ್ಲಿ ಮೆತ್ತನೆಯ ಸೋಫಾ ಇಲ್ಲ, ನೀರು ತಂದಿಟ್ಟು ಆರ್ಡರ್ ತೆಗೆದುಕೊಳ್ಳುವ ಸಪ್ಲಯರ್ ಇಲ್ಲ. ಬಸವನಗುಡಿಯ ಹಳೇ ಹೋಟೆಲಿನಲ್ಲಿ ಮಾಸಿದ ಗೋಡೆ, ಸವೆದ ಮೇಜು ಕಂಡು ಯಾರೂ ಮೂಗು ಮುರಿಯುವುದಿಲ್ಲವಲ್ಲ, ಅದೇ ಕಣ್ಣಿನಿಂದ ಇದನ್ನೂ ನೋಡಬೇಕು.

ಸಮಯದ ವಿಷಯಕ್ಕೆ ಬಂದರೆ, ನನ್ನ ಆಯ್ಕೆ ವಾರದ ನಡುವಿನ ದಿನ, ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ಒಳಗೆ. ಊಟದ ಹೊತ್ತಿನಲ್ಲಿ ಸುತ್ತಲಿನ ಆಫೀಸುಗಳ ಜನ ಬಂದು ಸಾಲು ಬೆಳೆಯುತ್ತದೆ. ಶನಿವಾರ, ಭಾನುವಾರ ಪ್ರವಾಸಿಗರು ತುಂಬಿರುತ್ತಾರೆ. ಗದ್ದಲವಿದ್ದಾಗ ಬರ್ಗರ್ ಸಿಗುತ್ತದೆ, ಗೋಡೆಯ ಹತ್ತಿರ ಹೋಗಲು ಆಗುವುದಿಲ್ಲ. ಚಳಿಗಾಲವಾದರೂ ಹಿಂಜರಿಯಬೇಡಿ. ಜನವರಿಯಲ್ಲಿ ನದಿಯ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತದೆ. ಆಗ ಕೆಳಗಿನ ರಸ್ತೆಗೆ ಇಳಿದರೆ ತಲೆಯ ಮೇಲೆ ಸೂರು ಸಿಕ್ಕಂತೆಯೇ ಸರಿ.

ಮದ್ಯ ಕುಡಿಯುವವರು ಪಾಸ್‌ಪೋರ್ಟನ್ನೇ ಇಟ್ಟುಕೊಳ್ಳಿ. ಅಮೆರಿಕದಲ್ಲಿ 21 ವರ್ಷ ತುಂಬಿರಬೇಕು, ಕೂದಲು ನರೆತವರನ್ನೂ ಗುರುತಿನ ಚೀಟಿ ಕೇಳುವುದುಂಟು, ನಮ್ಮ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಒಪ್ಪುತ್ತಾರೆಂಬ ಭರವಸೆಯಿಲ್ಲ. ಒಂದು ಡಾಲರಿನ ಹತ್ತು ನೋಟುಗಳು ಜೇಬಿನಲ್ಲಿರಲಿ, ಟಿಪ್ಸ್‌ಗೆ ಬೇಕಾಗುತ್ತದೆ. ಮಕ್ಕಳನ್ನು ಕರೆತರುವ ಕುಟುಂಬಗಳನ್ನು ಹಗಲು ಹೊತ್ತಿನಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಇಲಿನಾಯ್ ರಾಜ್ಯದಲ್ಲಿ 2008ರಿಂದ ಬಾರುಗಳ ಒಳಗೆ ಸಿಗರೇಟು ಸೇದುವಂತಿಲ್ಲ, ಹಾಗಾಗಿ ಹೊಗೆಯ ಭಯವಿಲ್ಲ.

ದಾರಿ

ಕಾರು ತೆಗೆದುಕೊಂಡು ಹೋಗಬೇಡಿ. ಒಂದು, ಕುಡಿದು ಓಡಿಸುವ ಪ್ರಮೇಯವೇ ಬರಬಾರದು. ಎರಡು, ಆ ಕೆಳರಸ್ತೆಗಳಲ್ಲಿ ಫೋನಿನ ನಕ್ಷೆಗೆ ಆಕಾಶ ಕಾಣುವುದಿಲ್ಲ. ನೀವು ಮೇಲಿನ ರಸ್ತೆಯಲ್ಲಿದ್ದೀರೋ ಕೆಳಗಿನದರಲ್ಲೋ ಎಂದು ಅದಕ್ಕೆ ತಿಳಿಯದೆ ನೀಲಿ ಚುಕ್ಕೆ ನದಿಯೊಳಗೆಲ್ಲ ಓಡಾಡುತ್ತದೆ. ಮೊದಲ ವರ್ಷ ನಾನು ಹೀಗೆ ಮುಕ್ಕಾಲು ಗಂಟೆ ನೆಲದಡಿಯಲ್ಲಿ ಸುತ್ತಿ, ಬಾರಿನ ಮುಂದೆಯೇ ಎರಡು ಸಲ ಹಾದುಹೋಗಿದ್ದೆ.

ಓಹೇರ್ ವಿಮಾನ ನಿಲ್ದಾಣದಿಂದ ಬರುವವರು ಬ್ಲೂ ಲೈನ್ ರೈಲು ಹತ್ತಿ ಜ್ಯಾಕ್ಸನ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸುರಂಗದ ಒಳದಾರಿಯಲ್ಲೇ ರೆಡ್ ಲೈನಿಗೆ ಹೋಗಬಹುದು. ಹೊವರ್ಡ್ ಕಡೆಗೆ ಹೋಗುವ ರೈಲು ಹಿಡಿದರೆ ಮೂರನೇ ನಿಲ್ದಾಣವೇ ಗ್ರ್ಯಾಂಡ್. ಮೇಲೆ ಬಂದು ಗ್ರ್ಯಾಂಡ್ ಅವೆನ್ಯೂ ಹಿಡಿದು ಪೂರ್ವಕ್ಕೆ, ಅಂದರೆ ಸರೋವರದ ದಿಕ್ಕಿಗೆ, ನಾಲ್ಕೈದು ನಿಮಿಷ ನಡೆದರೆ ಮಿಶಿಗನ್ ಅವೆನ್ಯೂ. ಅಲ್ಲಿ ಬಲಕ್ಕೆ ತಿರುಗಿ. ನೇಪರ್‌ವಿಲ್, ಅರೋರಾ ಕಡೆ ಇರುವ ನಮ್ಮವರು ಬಿಎನ್‌ಎಸ್‌ಎಫ್ ಮಾರ್ಗದ ಮೆಟ್ರಾ ರೈಲಿನಲ್ಲಿ ಯೂನಿಯನ್ ಸ್ಟೇಷನ್ನಿಗೆ ಬಂದು ಅಲ್ಲಿಂದ ನಡೆಯಬಹುದು. ಅರ್ಧ ಗಂಟೆಯ ದಾರಿ, ನದಿಯ ದಂಡೆಯಗುಂಟ ಹೋದರೆ ಆಯಾಸ ತಿಳಿಯುವುದಿಲ್ಲ.

ವಿಳಾಸ 430 ನಾರ್ತ್ ಮಿಶಿಗನ್, ಕೆಳ ಅಂತಸ್ತು. ಶಿಕಾಗೊದ ಮನೆ ಸಂಖ್ಯೆಗಳಿಗೆ ಒಂದು ಲೆಕ್ಕವಿದೆ, ಅದು ತಿಳಿದರೆ ಇಡೀ ನಗರದಲ್ಲಿ ದಾರಿ ತಪ್ಪುವುದಿಲ್ಲ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವಲ್ಲಿ ಸೊನ್ನೆ. ಅಲ್ಲಿಂದ ಸಾಮಾನ್ಯವಾಗಿ ಮೈಲಿಗೆ 800 ಸಂಖ್ಯೆ. ಸಮಸಂಖ್ಯೆಗಳು ರಸ್ತೆಯ ಪಶ್ಚಿಮ ಮತ್ತು ಉತ್ತರದ ಬದಿಗೆ. ಹಾಗಾದರೆ 430 ಎಂದರೆ ಮ್ಯಾಡಿಸನ್‌ನಿಂದ ಉತ್ತರಕ್ಕೆ ಅರ್ಧ ಮೈಲಿಗಿಂತ ಸ್ವಲ್ಪ ಹೆಚ್ಚು, ರಸ್ತೆಯ ಪಶ್ಚಿಮ ಬದಿ. ಬಿಳಿಯ ಗೋಪುರದ ರಿಗ್ಲಿ ಕಟ್ಟಡದ ಉತ್ತರಕ್ಕೆ ಕೆಲವೇ ಹೆಜ್ಜೆ ದೂರದಲ್ಲಿ ಪಾದಚಾರಿ ಮಾರ್ಗದಲ್ಲೇ ಕೆಳಗಿಳಿಯುವ ಮೆಟ್ಟಿಲು ಸಿಗುತ್ತದೆ. ಇಳಿಯುವಾಗ ಬೆಳಕು ಕಡಿಮೆಯಾಗುತ್ತ, ಲಾರಿಗಳ ಸದ್ದು ಹೆಚ್ಚುತ್ತ ಹೋಗುತ್ತದೆ. ಅಂಜಬೇಕಾಗಿಲ್ಲ. ಆಡಿನ ಮುಖವಿರುವ ಫಲಕ ಕಂಡರೆ ಬಂದ ಹಾಗಾಯಿತು.

ನಗರದಲ್ಲಿ ಇದೇ ಹೆಸರಿನ ಬೇರೆ ಶಾಖೆಗಳೂ ಇವೆ. ಅಲ್ಲಿಯ ಬರ್ಗರೂ ಇದೇ ಬರ್ಗರ್. ಗೋಡೆ ಮಾತ್ರ ಬೇರೆ. ಕೆಳಗಿನ ಮಿಶಿಗನ್ ಅವೆನ್ಯೂದಕ್ಕೇ ಬನ್ನಿ.

ಕಾವಲಿಯ ಮುಂದೆ

ಬಾಗಿಲು ತೆಗೆಯುತ್ತಲೇ ಕಾವಲಿಯ ಶಾಖ, ಸುಡುವ ಕೊಬ್ಬಿನ ವಾಸನೆ, ಅದರ ಜೊತೆಗೆ ಕೂಗು. ಗ್ರೀಕ್ ಉಚ್ಚಾರದಲ್ಲಿ "ಚೀಝ್‌ಬೋರ್ಗರ್! ಚೀಝ್‌ಬೋರ್ಗರ್!" ಎಂದು ಕೌಂಟರಿನವರು ಕೂಗುವುದು ಈ ಜಾಗದ ಗುರುತು. ದರ್ಶಿನಿಯಲ್ಲಿ "ಎರಡ್ ಮಸಾಲೆ, ಒಂದ್ ಖಾಲಿ" ಎಂದು ಒಳಗೆ ಕೂಗುವುದನ್ನು ಕೇಳುತ್ತ ಬೆಳೆದವರಿಗೆ ಇದರ ಲಯ ತಕ್ಷಣ ತಿಳಿಯುತ್ತದೆ. ಕೂಗು ಹುಟ್ಟಿದ್ದೂ ಅದೇ ಕಾರಣಕ್ಕೆ: ಒಂದೇ ಕಾವಲಿ, ಒಂದೇ ತಿಂಡಿ, ಗಡಿಬಿಡಿಯ ಜನ. ಏನು ಬೇಕು ಎಂದು ಕೇಳಿ ಬರೆದುಕೊಳ್ಳುತ್ತ ಕೂತರೆ ಸಾಲು ಕರಗುವುದಿಲ್ಲ.

ಈ ಕೂಗನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ್ದು ಟೆಲಿವಿಷನ್. ಇಲ್ಲಿಗೆ ಬರುತ್ತಿದ್ದ ಬರಹಗಾರ ಡಾನ್ ನೊವೆಲ್ಲೊ 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮಕ್ಕೆ ಒಂದು ಪ್ರಹಸನ ಬರೆದರು. 1978ರ ಜನವರಿಯಲ್ಲಿ ಜಾನ್ ಬೆಲೂಷಿ ಅದರಲ್ಲಿ ಹೋಟೆಲ್ ಮಾಲೀಕನಾಗಿ ನಟಿಸಿದರು. ಗಿರಾಕಿ ಏನೇ ಕೇಳಲಿ, ಸಿಗುವುದು ಚೀಝ್‌ಬೋರ್ಗರ್. ಫ್ರೈಸ್ ಇಲ್ಲ, ಚಿಪ್ಸ್. ಪ್ರಹಸನದಲ್ಲಿ ಕೋಕ್ ಇಲ್ಲ, ಪೆಪ್ಸಿ. ನಿಜವಾದ ಬಾರಿನಲ್ಲಿ ಅದು ಉಲ್ಟಾ, ಪೆಪ್ಸಿ ಇಲ್ಲ, ಕೋಕ್. ಇವತ್ತು ಕೂಗುವುದರಲ್ಲಿ ಬಂದವರನ್ನು ರಂಜಿಸುವ ಉದ್ದೇಶವೂ ಸೇರಿಕೊಂಡಿದೆ, ಅದರಲ್ಲಿ ತಪ್ಪು ಕಾಣುವುದಿಲ್ಲ ನನಗೆ. ಕಾವಲಿಯ ಮುಂದೆ ಇಡೀ ದಿನ ನಿಲ್ಲುವ ಕೆಲಸಕ್ಕೆ ಒಂದು ಹಾಡಿನ ಆಸರೆ ಇರಲಿ.

ಆರ್ಡರ್ ಮಾಡುವ ಕ್ರಮ ಸರಳ. ಸಾಲಿನಲ್ಲಿ ನಿಲ್ಲಿ. ನಿಮ್ಮ ಸರದಿ ಬರುವಷ್ಟರಲ್ಲಿ ಸಿಂಗಲ್ಲೋ, ಡಬಲ್ಲೋ, ಟ್ರಿಪಲ್ಲೋ ತೀರ್ಮಾನಿಸಿ. ನನ್ನ ಸಲಹೆ ಡಬಲ್. ಕಾರಣ ಇಷ್ಟೇ: ಇಲ್ಲಿಯ ಮಾಂಸದ ಬಿಲ್ಲೆ ತೆಳ್ಳಗಿರುತ್ತದೆ, ಅದನ್ನು ಇಡುವ ಕೈಸರ್ ಬನ್ ದಪ್ಪಗೆ, ಅಗಲವಾಗಿ ಇರುತ್ತದೆ. ಸಿಂಗಲ್ ತೆಗೆದುಕೊಂಡರೆ ಬ್ರೆಡ್ಡಿನಲ್ಲಿ ಮಾಂಸ ಕಳೆದುಹೋಗುತ್ತದೆ. ಎರಡು ಬಿಲ್ಲೆ, ನಡುವೆ ಕರಗಿದ ಚೀಸ್ ಇದ್ದಾಗ ಬನ್ನಿಗೂ ಮಾಂಸಕ್ಕೂ ಹೊಂದಾಣಿಕೆಯಾಗುತ್ತದೆ. ಟ್ರಿಪಲ್ ಹಸಿದವರಿಗೆ. ಕೌಂಟರಿನವರೇ "ಡಬಲ್ ಚೀಝ್!" ಎಂದು ನಿಮ್ಮ ಪರವಾಗಿ ಕೂಗಿಬಿಟ್ಟರೆ ಒಪ್ಪಿಕೊಳ್ಳಿ. ಅರೆಬೆಂದದ್ದು, ಚೆನ್ನಾಗಿ ಬೆಂದದ್ದು ಎಂಬ ಆಯ್ಕೆಯನ್ನು ದೊಡ್ಡ ಹೋಟೆಲುಗಳಲ್ಲಿ ಕೇಳುತ್ತಾರೆ. ಇಷ್ಟು ತೆಳುವಾದ ಬಿಲ್ಲೆಗೆ ಅದು ಅನ್ವಯಿಸುವುದಿಲ್ಲ, ಕಾವಲಿಗೆ ಹಾಕಿದ ಕೆಲವೇ ನಿಮಿಷದಲ್ಲಿ ಪೂರ್ತಿ ಬೆಂದಿರುತ್ತದೆ. ಚಿಪ್ಸ್ ಪೊಟ್ಟಣ ಒಂದು ಜೊತೆಗಿರಲಿ. ಫಲಕದಲ್ಲಿರುವ ಬೆಲೆಯ ಮೇಲೆ ತೆರಿಗೆ ಬೇರೆ ಬೀಳುತ್ತದೆ, ಶಿಕಾಗೊದ ಈ ಭಾಗದಲ್ಲಿ ಅದು ನೂರಕ್ಕೆ ಹತ್ತಕ್ಕಿಂತ ಹೆಚ್ಚು.

ಬರ್ಗರ್ ಕೈಗೆ ಬಂದಾಗ ಅದರಲ್ಲಿ ಬನ್ನು, ಮಾಂಸ, ಚೀಸ್ ಮಾತ್ರ ಇರುತ್ತದೆ. ಉಳಿದದ್ದನ್ನು ನೀವೇ ಹಾಕಿಕೊಳ್ಳಬೇಕು. ಪಕ್ಕದ ಕಟ್ಟೆಯ ಮೇಲೆ ಹೆಚ್ಚಿದ ಈರುಳ್ಳಿ, ವಿನೆಗರಿನಲ್ಲಿ ನೆನೆದ ಸೌತೆಕಾಯಿ ಬಿಲ್ಲೆ, ಸಾಸಿವೆ, ಕೆಚಪ್ ಇಟ್ಟಿರುತ್ತಾರೆ. ಇಲ್ಲಿ ಜಿಪುಣತನ ಮಾಡಬೇಡಿ. ಮೊದಲು ಸೌತೆಕಾಯಿಯನ್ನು ಚೀಸಿನ ಮೇಲೆ ಒತ್ತೊತ್ತಾಗಿ ಜೋಡಿಸಿ, ಅದರ ಮೇಲೆ ಒಂದು ಹಿಡಿ ಈರುಳ್ಳಿ ಹರಡಿ, ಮೇಲಿನ ಬನ್ನಿಗೆ ಸಾಸಿವೆ ಬಳಿಯಿರಿ. ಚೀಸಿನ ಜಿಡ್ಡಿಗೆ ಸೌತೆಯ ಹುಳಿ, ಮಾಂಸಕ್ಕೆ ಸಾಸಿವೆಯ ಖಾರ. ನಮ್ಮ ನಾಲಿಗೆಗೆ ಆಗ ಅದು ಸಪ್ಪೆ ಅನ್ನಿಸುವುದಿಲ್ಲ. ಬನ್ನಿನ ತಲೆಯನ್ನು ಅಂಗೈಯಿಂದ ಒಮ್ಮೆ ಮೆಲ್ಲಗೆ ಅದುಮಿದರೆ ಎಲ್ಲ ಕೂಡಿಕೊಳ್ಳುತ್ತದೆ, ತಿನ್ನುವಾಗ ಜಾರುವುದಿಲ್ಲ. ಕೆಚಪ್ ಹಾಕಿಕೊಳ್ಳಲು ಸಂಕೋಚ ಬೇಡ. ಶಿಕಾಗೊದವರು ಕೆಚಪ್ಪಿಗೆ ಮುಖ ಸಿಂಡರಿಸುವುದು ಹಾಟ್‌ಡಾಗ್ ವಿಷಯದಲ್ಲಿ ಮಾತ್ರ.

ಬಿಸಿ ಇರುವಾಗಲೇ ತಿನ್ನಿ. ಫೋಟೊ ತೆಗೆಯುತ್ತ ಕೂತರೆ ಚೀಸು ಗಟ್ಟಿಯಾಗಿ, ಬನ್ನು ಒಣಗಿ, ಈ ಬರ್ಗರಿನಲ್ಲಿರುವ ಸುಖವೆಲ್ಲ ಆರಿಹೋಗುತ್ತದೆ.

ದನದ ಮಾಂಸ ತಿನ್ನದವರು

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಕನ್ನಡಿಗರ ಗುಂಪಿನಲ್ಲಿ ಇಬ್ಬರಾದರೂ ಇರುತ್ತಾರೆ. ಇಲ್ಲಿಯ ಬರ್ಗರ್ ದನದ ಮಾಂಸದ್ದು. 'ಹ್ಯಾಮ್‌ಬರ್ಗರ್' ಎಂಬ ಹೆಸರಿನಲ್ಲಿ 'ಹ್ಯಾಮ್' ಇದ್ದರೂ ಅದು ಹಂದಿಮಾಂಸವಲ್ಲ. ಜರ್ಮನಿಯ ಹ್ಯಾಂಬರ್ಗ್ ಊರಿನ ಹೆಸರು ಅದರಲ್ಲಿದೆ. ಎಷ್ಟೋ ಜನ ಅಲ್ಲೇ ಮೋಸಹೋಗುತ್ತಾರೆ. ಮಾಂಸವಿಲ್ಲದ್ದು ಏನಿದೆ ಎಂದು ಕೌಂಟರಿನಲ್ಲಿ ನೇರವಾಗಿ ಕೇಳಿ. ಆದರೆ ಒಂದು ಮಾತು ತಿಳಿದಿರಲಿ: ಕಾವಲಿಯ ಮೇಲೆ ಬೇಯಿಸಿ ಕೊಡುವುದು ಏನೇ ಆಗಿರಲಿ, ಮಾಂಸ ಬೇಯುವ ಕಾವಲಿಯಿಂದಲೇ ಬಂದಿರುತ್ತದೆ. ಅದು ಸರಿಬೀಳದವರು ಚಿಪ್ಸ್ ಪೊಟ್ಟಣ, ಕೋಕ್ ತೆಗೆದುಕೊಂಡು ಕೂರಿ. ಹೊಟ್ಟೆ ತುಂಬಿಸಿಕೊಂಡೇ ಹೋದರೆ ಇನ್ನೂ ಒಳ್ಳೆಯದು. ಏನೂ ತಿನ್ನದೆ ಕೂತವರನ್ನು ಯಾರೂ ಎಬ್ಬಿಸಿದ್ದನ್ನು ನಾನು ನೋಡಿಲ್ಲ. ಆದರೂ ಒಂದು ಕೋಕ್ ಆದರೂ ಕೊಂಡುಕೊಳ್ಳುವುದು ಮರ್ಯಾದೆ.

ನನ್ನ ಸೋದರಮಾವ ಬಂದಾಗ ಹೀಗೇ ಆಯಿತು. ಅವರು ಹುಬ್ಬಳ್ಳಿಯವರು. ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ಮೊಟ್ಟೆಯನ್ನೂ ಮುಟ್ಟುವವರಲ್ಲ. ಕರೆದುಕೊಂಡು ಹೋಗುವುದೋ ಬೇಡವೋ ಎಂದು ನಾನು ಎರಡು ದಿನ ಯೋಚಿಸಿದ್ದೆ. "ಮಾಮಾ, ಅದು ಕುಡಿಯೋ ಜಾಗ, ಮಾಂಸದ ವಾಸನೆ ಇರ್ತದ" ಅಂದೆ. "ಪತ್ರಿಕಾದವ್ರು ಕೂಡೋ ಜಾಗ ಅಂತೀಯಲ್ಲೋ, ನಡೀ" ಅಂದರು. ಒಳಗೆ ಹೋದವರೇ ಚಿಪ್ಸ್ ಪೊಟ್ಟಣ ಹಿಡಿದುಕೊಂಡು ಗೋಡೆಯ ಕಡೆ ನಡೆದರು. ನಾನು ತಿಂದು ಮುಗಿಸಿ, ಕೈ ತೊಳೆದು ಬಂದರೂ ಅವರು ಕೂತಿರಲಿಲ್ಲ. ಕನ್ನಡಕ ಹಣೆಗೇರಿಸಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಒಂದೊಂದೇ ಹೆಸರು ಓದುತ್ತಿದ್ದರು. "ಇದು ಹೋಟೆಲ್ ಅಲ್ಲೋ ತಮ್ಮಾ, ಪತ್ರಿಕಾ ಆಫೀಸಿನ ಪಡಸಾಲಿ ಐತಿ" ಅಂದರು. ಅಷ್ಟು ವರ್ಷ ಅಲ್ಲಿಗೆ ಹೋಗುತ್ತಿದ್ದರೂ ನಾನು ಆ ಗೋಡೆಯನ್ನು ಸರಿಯಾಗಿ ಓದಿದ್ದು ಅವತ್ತೇ.

ಗೋಡೆ ಓದುವುದು

ಮೊದಲು ಆಡಿನಿಂದ ಶುರು ಮಾಡಿ. ವಿಲಿಯಂ ಸಿಯಾನಿಸ್ ಗ್ರೀಸಿನಿಂದ ವಲಸೆ ಬಂದವರು. ಪಾನನಿಷೇಧ ಮುಗಿದ ಮರುವರ್ಷ, 1934ರಲ್ಲಿ, ಶಿಕಾಗೊ ಸ್ಟೇಡಿಯಂ ಎದುರಿನ ಲಿಂಕನ್ ಟ್ಯಾವರ್ನ್ ಎಂಬ ಬಾರನ್ನು 205 ಡಾಲರಿಗೆ ಕೊಂಡರು. ಕೊಟ್ಟ ಚೆಕ್ ಬ್ಯಾಂಕಿನಿಂದ ವಾಪಸ್ ಬಂತಂತೆ, ಮೊದಲ ವಾರಾಂತ್ಯದ ವ್ಯಾಪಾರದಲ್ಲೇ ಆ ಹಣ ಹುಟ್ಟಿಸಿ ತೀರಿಸಿದರಂತೆ. ಬಾರಿನವರು ಇವತ್ತಿಗೂ ಅಭಿಮಾನದಿಂದ ಹೇಳಿಕೊಳ್ಳುವ ಕಥೆ ಇದು. ಲಾರಿಯೊಂದರಿಂದ ಬಿದ್ದ ಆಡಿನ ಮರಿ ಕುಂಟುತ್ತ ಒಳಗೆ ಬಂತು, ಸಿಯಾನಿಸ್ ಸಾಕಿಕೊಂಡರು, ತಾವೂ ಆಡಿನಂತೆ ಗಡ್ಡ ಬಿಟ್ಟರು, ಬಾರಿನ ಹೆಸರು ಬಿಲ್ಲಿ ಗೋಟ್, ಅಂದರೆ ಹೋತ, ಎಂದು ಬದಲಾಯಿತು. 1944ರಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ಎದುರಿನ ಸ್ಟೇಡಿಯಂನಲ್ಲೇ ನಡೆದಾಗ "ರಿಪಬ್ಲಿಕನ್ನರಿಗೆ ಪ್ರವೇಶವಿಲ್ಲ" ಎಂದು ಫಲಕ ಹಾಕಿದರು. ಕೋಪಗೊಂಡ ರಿಪಬ್ಲಿಕನ್ನರು ಗುಂಪುಗುಂಪಾಗಿ ಬಂದು ಬಾರು ತುಂಬಿಸಿದರು. ಪ್ರಚಾರ ಎಂದರೇನೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆಮೇಲೆ 1945ರ ಅಕ್ಟೋಬರ್ 6. ಶಿಕಾಗೊದ ಬೇಸ್‌ಬಾಲ್ ತಂಡ ಕಬ್ಸ್, ವರ್ಷದ ಪಟ್ಟ ತೀರ್ಮಾನಿಸುವ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ವಿರುದ್ಧ ನಾಲ್ಕನೇ ಪಂದ್ಯ ಆಡುತ್ತಿತ್ತು. ಸಿಯಾನಿಸ್ ತಮಗೊಂದು, ತಮ್ಮ ಆಡು ಮರ್ಫಿಗೊಂದು ಟಿಕೆಟ್ ಹಿಡಿದು ರಿಗ್ಲಿ ಫೀಲ್ಡ್ ಮೈದಾನಕ್ಕೆ ಹೋದರು. ಆಡು ನಾರುತ್ತದೆ ಎಂದು ಹೊರಹಾಕಿದರು. ಬಾಗಿಲಲ್ಲೇ ತಡೆದರು ಅನ್ನುವವರಿದ್ದಾರೆ, ಒಳಗೆ ಕೂತ ಮೇಲೆ ಎಬ್ಬಿಸಿದರು ಅನ್ನುವವರೂ ಇದ್ದಾರೆ. ಕಬ್ಸ್ ಇನ್ನು ಗೆಲ್ಲುವುದಿಲ್ಲ ಎಂದು ಸಿಯಾನಿಸ್ ಶಾಪ ಹಾಕಿದರಂತೆ. ಕಬ್ಸ್ ಆ ಪಂದ್ಯವನ್ನೂ ಸರಣಿಯನ್ನೂ ಸೋತಿತು. ಮುಂದಿನ 71 ವರ್ಷ ವರ್ಲ್ಡ್ ಸೀರೀಸ್ ಮೆಟ್ಟಿಲನ್ನೇ ಹತ್ತಲಿಲ್ಲ. ಸಿಯಾನಿಸ್ ತೀರಿಕೊಂಡದ್ದು 1970ರ ಅಕ್ಟೋಬರ್ 22ರಂದು. 2016ರಲ್ಲಿ ಅದೇ ಅಕ್ಟೋಬರ್ 22ರಂದು ಕಬ್ಸ್ ಸೆಮಿಫೈನಲ್ ಸರಣಿ ಗೆದ್ದು ವರ್ಲ್ಡ್ ಸೀರೀಸ್‌ಗೆ ಬಂತು, ನವೆಂಬರ್ 2ರ ರಾತ್ರಿ ಕ್ಲೀವ್‌ಲ್ಯಾಂಡ್‌ನಲ್ಲಿ ಏಳನೇ ಪಂದ್ಯವನ್ನೂ ಗೆದ್ದಿತು. 1908ರ ನಂತರ ಅದೇ ಮೊದಲ ಪಟ್ಟ.

ಈ ಕಥೆಯನ್ನು ಗೈಡುಗಳೆಲ್ಲ ಹೇಳುತ್ತಾರೆ. ಅಲ್ಲಿಗೇ ನಿಲ್ಲಬೇಡಿ, ಇನ್ನೊಂದು ಗೋಡೆಗೆ ಬನ್ನಿ.

1964ರಲ್ಲಿ ಬಾರು ಇಲ್ಲಿಗೆ ಬಂದಾಗ ಸುತ್ತಮುತ್ತ ಪತ್ರಿಕಾ ಕಚೇರಿಗಳು. ರಸ್ತೆಯಾಚೆ ಟ್ರಿಬ್ಯೂನ್ ಗೋಪುರ. ನದಿಯ ದಂಡೆಯ ಮೇಲೆ ಸನ್-ಟೈಮ್ಸ್ ಮತ್ತು ಡೈಲಿ ನ್ಯೂಸ್ ಒಂದೇ ಕಟ್ಟಡದಲ್ಲಿ. ವರದಿಗಾರರು, ಮುದ್ರಣ ಯಂತ್ರದವರು, ಪತ್ರಿಕೆ ಸಾಗಿಸುವ ಲಾರಿಯವರು, ಎಲ್ಲರೂ ಪಾಳಿ ಮುಗಿಸಿ ಈ ಮೆಟ್ಟಿಲಿಗೇ ಬರುತ್ತಿದ್ದರು. ಅವರ ಹೆಸರುಪಟ್ಟಿಗಳು, ಹಳದಿಗಟ್ಟಿದ ವರದಿಗಳು, ಫೋಟೊಗಳು ಗೋಡೆ ತುಂಬಿವೆ. ನಡುವೆ ಎದ್ದು ಕಾಣುವವರು ಮೈಕ್ ರಾಯ್ಕೊ. ಡೈಲಿ ನ್ಯೂಸ್‌ನಲ್ಲಿ ಅಂಕಣ ಬರೆಯುತ್ತಿದ್ದ ಅವರಿಗೆ 1972ರಲ್ಲಿ ಪತ್ರಕರ್ತರ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಬಂತು. 1978ರಲ್ಲಿ ಡೈಲಿ ನ್ಯೂಸ್ ಮುಚ್ಚಿದಾಗ ಸನ್-ಟೈಮ್ಸ್‌ಗೆ, 1984ರಲ್ಲಿ ಅದನ್ನು ರೂಪರ್ಟ್ ಮರ್ಡಾಕ್ ಕೊಂಡಾಗ ಟ್ರಿಬ್ಯೂನಿಗೆ ಹೋದರು. ಕೆಲಸ ಮೂರು ಕಡೆ ಬದಲಾಯಿತು, ಕೂರುವ ಜಾಗ ಬದಲಾಗಲಿಲ್ಲ. ಒಟ್ಟು ಬರೆದ ಅಂಕಣಗಳು ಸುಮಾರು 7,500. ಬಾರಿಗೆ ಬರುವ ಬಡಗಿಯ, ಚಾಲಕನ, ಮುದುಕನ ಮಾತಿನ ಧಾಟಿ ಆ ಅಂಕಣಗಳಲ್ಲಿ ಕೇಳಿಸುತ್ತದೆ.

ರಾಯ್ಕೊ ಅವರ ಕೊನೆಯ ಅಂಕಣ ಬಂದದ್ದು 1997ರ ಮಾರ್ಚಿನಲ್ಲಿ, ಮರುತಿಂಗಳು ಅವರು ತೀರಿಕೊಂಡರು. ಆ ಅಂಕಣ ಇದೇ ಆಡಿನ ಶಾಪದ ಕುರಿತದ್ದು. ಕಬ್ಸ್ ಸೋಲುತ್ತ ಬಂದದ್ದಕ್ಕೆ ಆಡು ಕಾರಣವಲ್ಲ, ಕಪ್ಪು ಆಟಗಾರರನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದ ಮಾಲೀಕ ರಿಗ್ಲಿ ಕಾರಣ ಎಂದು ಅವರು ವಾದಿಸಿದರು. ಬ್ರೂಕ್ಲಿನ್ ತಂಡ 1947ರಲ್ಲೇ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್‌ರನ್ನು ಕಣಕ್ಕಿಳಿಸಿತ್ತು. ಕಬ್ಸ್ ಪರವಾಗಿ ಎರ್ನಿ ಬ್ಯಾಂಕ್ಸ್ ಆಡಲು 1953 ಬರಬೇಕಾಯಿತು. ಆಡಿನ ಕಥೆಯಿಂದಲೇ ಹೊಟ್ಟೆ ಹೊರೆಯುವ ಬಾರಿನ ಖಾಯಂ ಗಿರಾಕಿ ಆ ಕಥೆಯನ್ನೇ ಬಿಚ್ಚಿಟ್ಟು, ಅದರಡಿಯಲ್ಲಿ ಮುಚ್ಚಿಹೋಗಿದ್ದ ಅನ್ಯಾಯವನ್ನು ತೋರಿಸಿದರು. ಆ ಬಾರು ಅವರ ಚಿತ್ರವನ್ನು ಗೋಡೆಯ ಮೇಲೆ ಹಾಗೇ ಉಳಿಸಿಕೊಂಡಿದೆ. ನಾನು ಈ ಜಾಗವನ್ನು ಪ್ರೀತಿಸುವುದಕ್ಕೆ ಇದೊಂದೇ ಕಾರಣ ಸಾಕು.

ಓದುವಾಗ ಒಂದು ಉಪಾಯ: ದೊಡ್ಡ ಫೋಟೊಗಳನ್ನು ಬಿಟ್ಟು, ಯಾರೂ ಗಮನಿಸದ ಮೂಲೆಯಿಂದ ಶುರು ಮಾಡಿ. ಚಿಕ್ಕ ಅಕ್ಷರದ ಹೆಸರುಗಳನ್ನು ಮೆಲ್ಲಗೆ ಓದಿ. ಅವರಲ್ಲಿ ಬಹುಪಾಲು ಜನರನ್ನು ಈಗ ನೆನೆಯುವವರಿಲ್ಲ. ಫೋನಿನ ಫ್ಲ್ಯಾಶ್ ಹಾಕಬೇಡಿ, ಪಕ್ಕದಲ್ಲಿ ಕೂತವರಿಗೆ ಕಿರಿಕಿರಿ.

ಕುಡಿಯುವವರಿಗೆ ನಾಲ್ಕು ಮಾತು

ಬಾರಿನ ಕಟ್ಟೆಯಲ್ಲಿ ಕೂತರೆ ಬಿಯರ್ ಹೇಳಿ, ಹಣ ಕಟ್ಟಿ, ಒಂದೊಂದು ಗ್ಲಾಸಿಗೆ ಒಂದೊಂದು ಡಾಲರ್ ಟಿಪ್ಸ್ ಇಡಿ. ಪಕ್ಕದವರು ಮಾತಿಗೆಳೆದರೆ ಮಾತಾಡಿ. ಎಲ್ಲಿಯವರು ಎಂದು ಕೇಳುತ್ತಾರೆ, ಬೆಂಗಳೂರು ಅಂದರೆ ಅಲ್ಲಿರುವ ತಮ್ಮ ಕಂಪನಿಯ ಹೆಸರು ಹೇಳುತ್ತಾರೆ, ಅಲ್ಲಿಂದ ಮುಂದೆ ಮಾತು ತಾನಾಗಿ ಹರಿಯುತ್ತದೆ. ಸುಮ್ಮನಿದ್ದರೆ ಸುಮ್ಮನಿರಲು ಬಿಡಿ. ಮಾಲೋರ್ಟ್ ಎಂಬ ಹೆಸರು ಶಿಕಾಗೊದ ಬಾರುಗಳಲ್ಲಿ ಕಿವಿಗೆ ಬಿದ್ದೀತು. ಸ್ವೀಡನ್ನಿನಿಂದ ಬಂದವರು ಇಲ್ಲಿ ಬೇರೂರಿಸಿದ ಮದ್ಯ ಅದು, ನಮ್ಮ ದವನ, ಮಾಚಿಪತ್ರೆಗಳ ಕುಲದ್ದೇ ಆದ ಒಂದು ಗಿಡ ಹಾಕಿ ಮಾಡುತ್ತಾರೆ. ಹೊಸಬರಿಗೆ ಅದನ್ನು ಕುಡಿಸಿ ಮುಖ ನೋಡುವುದು ಊರಿನವರ ಖುಷಿ. ನೆಲಬೇವಿನ ಕಷಾಯ ಕುಡಿದು ಬೆಳೆದವರು ಧೈರ್ಯವಾಗಿ ಒಂದು ಗುಟುಕು ನೋಡಬಹುದು.

ಮೇಲೆ ಬಂದ ಮೇಲೆ

ತಕ್ಷಣ ರೈಲು ಹಿಡಿಯಬೇಡಿ. ರಸ್ತೆ ದಾಟಿದರೆ ಟ್ರಿಬ್ಯೂನ್ ಗೋಪುರ, 1925ರಲ್ಲಿ ಕಟ್ಟಿ ಮುಗಿಸಿದ್ದು. ಪತ್ರಿಕೆ 2018ರಲ್ಲಿ ಅಲ್ಲಿಂದ ಹೊರಟುಹೋಯಿತು, ಈಗ ಒಳಗೆ ಮನೆಗಳಾಗಿವೆ. ಗೋಪುರದ ಹೊರಗೋಡೆಯ ಕೆಳಭಾಗದಲ್ಲಿ ಜಗತ್ತಿನ ನಾನಾ ಕಟ್ಟಡಗಳ ಕಲ್ಲಿನ ತುಂಡುಗಳನ್ನು ಕೂರಿಸಿದ್ದಾರೆ. ತಾಜ್ ಮಹಲಿನದೂ ಒಂದಿದೆ, ಹುಡುಕಿ. ಸನ್-ಟೈಮ್ಸ್ ಮತ್ತು ಡೈಲಿ ನ್ಯೂಸ್ ಇದ್ದ ಕಟ್ಟಡ ಇಲ್ಲವೇ ಇಲ್ಲ, ಆ ಜಾಗದಲ್ಲಿ ಟ್ರಂಪ್ ಹೆಸರಿನ ಗಗನಚುಂಬಿ ನಿಂತಿದೆ. ಸೇತುವೆ ದಾಟಿ ಇದೇ ಮಿಶಿಗನ್ ಅವೆನ್ಯೂ ಹಿಡಿದು ದಕ್ಷಿಣಕ್ಕೆ ಒಂದು ಕಿಲೋಮೀಟರಿಗೆ ತುಸು ಹೆಚ್ಚು ನಡೆದರೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ್ದು ಆ ಕಟ್ಟಡದಲ್ಲೇ, ಮುಂದಿನ ರಸ್ತೆಯ ತುಣುಕಿಗೆ ಅವರ ಗೌರವದ ಹೆಸರಿದೆ. ಊರಿನಿಂದ ಬಂದ ಹಿರಿಯರಿಗೆ ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ತೋರಿಸಬಹುದು. ನನ್ನ ಮಾವನಿಗೆ ಹಾಗೇ ತೋರಿಸಿದೆ.

ವಿವೇಕಾನಂದರ ಹೆಸರಿನ ಫಲಕಕ್ಕೆ ಕೈಮುಗಿದು ವಾಪಸ್ ನಡೆಯುವಾಗ ಅವರು ಸೇತುವೆಯ ಮೇಲೆ ನಿಂತರು. ಚಿಪ್ಸ್ ಪೊಟ್ಟಣದ ಹಿಂಬದಿಯಲ್ಲಿ, ಗೋಡೆಯಿಂದ ಬರೆದುಕೊಂಡ ಐದಾರು ಹೆಸರುಗಳಿದ್ದವು. ರಾತ್ರಿ ಮನೆಗೆ ಹೋದ ಮೇಲೆ ಇವರು ಏನೇನು ಬರೆದಿದ್ದಾರೆ ಹುಡುಕಿ ಕೊಡು ಅಂದರು. ಮೂವರದು ಸಿಕ್ಕಿತು, ಓದಿ ಹೇಳಿದೆ.